ಮೂರು ದಿನ ಸಮಯವಿದೆ, ಸ್ಟಾಕ್‌ಫಿಶ್ ಕೈಯಲ್ಲೇ ಇದೆ: ಆನ್‌ಲೈನ್ ಅಂಚೆ ಚೆಸ್ ಆಡುವವರಿಗೊಂದು ಕೈಪಿಡಿ

ಒಂದೊಂದು ನಡೆಗೂ ಮೂರು ದಿನ ಸಮಯವಿರುವ ಆಟ ಶುರು ಮಾಡಿದ್ದೀರಿ. ಎದುರಾಳಿ ಪೋಲೆಂಡಿನಲ್ಲೋ ಪೆರುವಿನಲ್ಲೋ ಇದ್ದಾರೆ. ಅವರ ನಡೆ ಬೆಳಿಗ್ಗೆ ಬಂದರೆ ನೀವು ರಾತ್ರಿ ಊಟವಾದ ಮೇಲೆ ನೋಡಿದರೂ ನಡೆಯುತ್ತದೆ. ಮೊದಲ ಹತ್ತು ನಡೆ ಸಲೀಸಾಗಿ ಹೋಗುತ್ತದೆ. ಹದಿನೈದು ದಾಟುವಷ್ಟರಲ್ಲಿ ಬೋರ್ಡ್ ಸಿಕ್ಕುಸಿಕ್ಕಾಗಿ, ಎರಡು ದಿನ ತಲೆ ಕೆರೆದುಕೊಂಡರೂ ದಾರಿ ಕಾಣುವುದಿಲ್ಲ. ಆಟ ಇರುವ ಅದೇ ಫೋನಿನಲ್ಲಿ, ಒಂದೇ ಒಂದು ಬಟನ್ ಆಚೆಗೆ, ವಿಶ್ವ ಚಾಂಪಿಯನ್ನರನ್ನೂ ಸೋಲಿಸಬಲ್ಲ ಇಂಜಿನ್ ಕೂತಿದೆ. ಪುಸ್ತಕ ನೋಡಲು ಅನುಮತಿ ಇದೆ, ಹಳೆಯ ಆಟಗಳ ಡೇಟಾಬೇಸ್ ನೋಡಬಹುದು, ಕಾಯಿಗಳನ್ನು ಸರಿಸಿ ಪರೀಕ್ಷಿಸಲೂಬಹುದು. ಹಾಗಾದರೆ ಇಂಜಿನ್ ಒಂದಕ್ಕೆ ಮಾತ್ರ ಯಾಕೆ ಬೇಲಿ? ಆ ಬೇಲಿ ಸರಿಯಾಗಿ ಎಲ್ಲಿದೆ?

ಈ ಗೊಂದಲದಲ್ಲಿ ಖಾತೆ ಕಳೆದುಕೊಂಡವರೆಲ್ಲ ಮೋಸಗಾರರಲ್ಲ. ಬೇಲಿ ಎಲ್ಲಿದೆ ಎಂದು ಆಟದ ನಡುವೆ, ಕಷ್ಟದ ನಡೆಯ ಮುಂದೆ ಕೂತು ಯೋಚಿಸಿದವರೂ ಅವರಲ್ಲಿದ್ದಾರೆ. ಅದನ್ನು ಮೊದಲ ನಡೆಗೂ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.

ಪೋಸ್ಟ್‌ಕಾರ್ಡಿನಿಂದ ಸರ್ವರ್‌ಗೆ

ಅಂಚೆ ಚೆಸ್‌ಗೂ ಕಂಪ್ಯೂಟರಿಗೂ ನಂಟು ಹಳೆಯದು. 1951ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಅಂಚೆ ಚೆಸ್ ಫೆಡರೇಷನ್, ಅಂದರೆ ಐಸಿಸಿಎಫ್, ದಶಕಗಳ ಕಾಲ ಪೋಸ್ಟ್‌ಕಾರ್ಡುಗಳ ಮೇಲೆಯೇ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಅದರ ಐದನೇ ಚಾಂಪಿಯನ್ ಹಾನ್ಸ್ ಬರ್ಲಿನರ್ ಮುಂದೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಹೈಟೆಕ್’ ಎಂಬ ಚೆಸ್ ಯಂತ್ರ ಕಟ್ಟಿದ ತಂಡದ ಮುಖ್ಯಸ್ಥರು. 1999ರಲ್ಲಿ ಗ್ಯಾರಿ ಕ್ಯಾಸ್ಪರೊವ್ ಇಂಟರ್ನೆಟ್‌ನಲ್ಲಿ ‘ಇಡೀ ಜಗತ್ತಿನ’ ವಿರುದ್ಧ ದಿನಕ್ಕೊಂದು ನಡೆಯಂತೆ ಆಡಿದ ಆಟ ನಾಲ್ಕು ತಿಂಗಳು ನಡೆದು 62ನೇ ನಡೆಗೆ ಅವರ ಗೆಲುವಿನಲ್ಲಿ ಮುಗಿಯಿತು. 2008ರಲ್ಲಿ ಬಂದ ಚೆಸ್ ಇಂಜಿನ್ ಸ್ಟಾಕ್‌ಫಿಶ್ ಉಚಿತ, ಮುಕ್ತ ತಂತ್ರಾಂಶ. ಇವತ್ತು ಅದು ಬ್ರೌಸರಿನಲ್ಲೇ ಓಡುತ್ತದೆ. ಇಂಜಿನ್ ಬೇಕೆಂದರೆ ಹಿಂದೆ ದುಡ್ಡು ಕೊಟ್ಟು ತರಬೇಕಿತ್ತು, ಈಗ ಬೇಡವೆಂದರೂ ಅದು ಎದುರಿಗೇ ಇರುತ್ತದೆ. ನಮ್ಮ ತೊಂದರೆಯ ಬೇರು ಅಲ್ಲಿದೆ.

ಬೇಲಿ ಯಾಕೆ ಅಲ್ಲೇ ಇದೆ

ಪುಸ್ತಕ ನಿಮ್ಮ ಆಟವನ್ನು ನೋಡಿಲ್ಲ. ಡೇಟಾಬೇಸಿನಲ್ಲಿರುವುದು ಬೇರೆಯವರು ಆಡಿ ಮುಗಿಸಿದ ಆಟಗಳು. ಎರಡರಿಂದಲೂ ಸಿಗುವುದು ತತ್ವ, ಹೋಲಿಕೆ, ಸುಳಿವು. ಅದನ್ನು ನಿಮ್ಮ ಬೋರ್ಡಿಗೆ ತಂದು ಕೂರಿಸುವ ಕೆಲಸ ನಿಮ್ಮ ತಲೆಗೇ ಉಳಿಯುತ್ತದೆ. ಇಂಜಿನ್ ಹಾಗಲ್ಲ. ಈ ಕ್ಷಣದ, ಇದೇ ಬೋರ್ಡಿನ ಉತ್ತರವನ್ನು ಕೊಟ್ಟುಬಿಡುತ್ತದೆ.

ಎಂಡ್‌ಗೇಮ್ ಟೇಬಲ್‌ಬೇಸ್‌ಗಳಿಗೂ ಇದೇ ಮಾತು. ರಾಜರನ್ನೂ ಸೇರಿಸಿ ಬೋರ್ಡಿನ ಮೇಲೆ ಏಳು ಕಾಯಿ ಉಳಿದ ಬಹುತೇಕ ಎಲ್ಲ ಸ್ಥಾನಗಳಿಗೂ ಅವುಗಳಲ್ಲಿ ಖಚಿತ ಉತ್ತರವಿದೆ. ಆನೆ ಮತ್ತು ಒಂದು ಕಾಲಾಳು ಇರುವ ಎದುರಾಳಿಯನ್ನು ಬರೀ ಆನೆಯಿಂದ ತಡೆಯಬೇಕಾಗಿದೆ ಎನ್ನಿ. ಪುಸ್ತಕ ತೆರೆದು ಫಿಲಿಡೋರ್ ರಕ್ಷಣೆಯನ್ನು ಓದಿಕೊಳ್ಳುವುದು ಸರಿ: ನಿಮ್ಮ ಕಡೆಯಿಂದ ಎಣಿಸಿದರೆ ಮೂರನೇ ಸಾಲಿನಲ್ಲಿ ಆನೆ ಕಾವಲು ಕೂರಬೇಕು, ಎದುರಾಳಿಯ ಕಾಲಾಳು ಆ ಸಾಲಿಗೇ ಬಂದ ಕೂಡಲೇ ಆನೆ ದೂರದ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡುತ್ತ ಹೋಗಬೇಕು. ನಿಮ್ಮ ರಾಜ ಸರಿಯಾದ ಮನೆಯಲ್ಲಿದ್ದಾನೋ ಇಲ್ಲವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಟೇಬಲ್‌ಬೇಸಿಗೆ ಸ್ಥಾನವನ್ನು ಹಾಕಿದರೆ ಆ ನೋಡುವಿಕೆಯೇ ಇಲ್ಲ, ‘ಈ ನಡೆ ಡ್ರಾ, ಉಳಿದೆಲ್ಲ ಸೋಲು’ ಎಂದು ಬಂದುಬಿಡುತ್ತದೆ.

ಇನ್ನೊಂದು ಕಾರಣ ನೈತಿಕತೆಯದಲ್ಲ, ಶುದ್ಧ ಲಾಭದ್ದು. ಬ್ಲಿಟ್ಜ್ ಆಟದಲ್ಲಿ ನಾವು ಸೋಲುವುದು ಹೆಚ್ಚಾಗಿ ಕಣ್ಣುತಪ್ಪಿನಿಂದ. ಅಂಚೆ ಚೆಸ್‌ನಲ್ಲಿ ಸಮಯವಿದೆ, ಕಾಯಿ ಸರಿಸಿ ನೋಡಬಹುದು, ಹಾಗಾಗಿ ಕಣ್ಣುತಪ್ಪು ಬಹುಮಟ್ಟಿಗೆ ಹೊರಗುಳಿದು ನಿಮ್ಮ ತೀರ್ಮಾನದ ದೋಷವೊಂದೇ ಎದ್ದು ಕಾಣುತ್ತದೆ. ಯಾವ ಕಾಯಿ ಬದಲಾಯಿಸಬೇಕು, ಎಲ್ಲಿ ಕಾಯಬೇಕು, ಎಲ್ಲಿ ನುಗ್ಗಬೇಕು ಎಂಬುದರಲ್ಲಿ ನಿಮ್ಮ ಮಟ್ಟ ಎಷ್ಟು ಎಂದು ಇಷ್ಟು ನಿಚ್ಚಳವಾಗಿ ತೋರಿಸುವ ಆಟ ಬೇರೆ ಇಲ್ಲ. ನಡುವೆ ಇಂಜಿನ್ ಕೇಳಿದಿರೋ, ಆ ದಾಖಲೆ ಕೆಟ್ಟುಹೋಯಿತು. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿರುವ ಉತ್ತರ, ಲೆಕ್ಕ ಮಾಡಿ ನೋಡಿದವನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಏನು ನಡೆಯುತ್ತದೆ, ಏನು ನಡೆಯುವುದಿಲ್ಲ

ನಿಯಮ ತಾಣದಿಂದ ತಾಣಕ್ಕೆ ಬೇರೆ. ಆಡುವ ಮುನ್ನ ಆಯಾ ತಾಣದ ‘ಫೇರ್ ಪ್ಲೇ’ ಪುಟವನ್ನು ಒಮ್ಮೆ ಓದಿಬಿಡಿ, ಐದು ನಿಮಿಷದ ಕೆಲಸ. ನಮ್ಮವರು ಹೆಚ್ಚಾಗಿ ಆಡುವ ಎರಡು ತಾಣಗಳಲ್ಲಿ ತಿರುಳು ಇಷ್ಟು. ಚೆಸ್.ಕಾಮ್‌ನ ‘ಡೈಲಿ’ ಆಟಗಳಲ್ಲಿ ಓಪನಿಂಗ್ ಪುಸ್ತಕ, ಓಪನಿಂಗ್ ಎಕ್ಸ್‌ಪ್ಲೋರರ್, ಇಂಜಿನ್ ಇಲ್ಲದ ವಿಶ್ಲೇಷಣೆ ಬೋರ್ಡ್ ಎಲ್ಲ ಸರಿ. ಇಂಜಿನ್, ಟೇಬಲ್‌ಬೇಸ್, ಇನ್ನೊಬ್ಬರ ಸಲಹೆ ನಿಷಿದ್ಧ. ಲಿಚೆಸ್‌ನ ಅಂಚೆ ಆಟಗಳಲ್ಲೂ ಓಪನಿಂಗ್ ಪುಸ್ತಕಗಳಿಗೆ, ಎಕ್ಸ್‌ಪ್ಲೋರರಿಗೆ ಅವಕಾಶವಿದೆ, ಇಂಜಿನ್‌ಗಿಲ್ಲ. ಗಮನಿಸಿ, ಪುಸ್ತಕ ನೋಡುವ ಈ ರಿಯಾಯಿತಿ ಅಂಚೆ ಆಟಕ್ಕೆ ಮಾತ್ರ. ಹತ್ತು ನಿಮಿಷದ ರ‍್ಯಾಪಿಡ್ ಆಟದಲ್ಲಿ ಎಕ್ಸ್‌ಪ್ಲೋರರ್ ತೆರೆದರೆ ಅದೂ ಮೋಸವೇ.

ಇನ್ನೊಬ್ಬರ ಸಲಹೆ ಎಂಬ ಮಾತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕೆಂದು ವಿಶ್ವನಾಥನ್ ಆನಂದ್ ಹಲವು ಗಣ್ಯರೊಡನೆ ಆನ್‌ಲೈನ್ ಆಟವಾಡಿದಾಗ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಗೆದ್ದದ್ದು, ಮರುದಿನ ಕಂಪ್ಯೂಟರಿನ ಜೊತೆಗೆ ಆಟವನ್ನು ವಿಶ್ಲೇಷಿಸುತ್ತಿದ್ದ ಜನರ ನೆರವೂ ಇತ್ತು ಎಂದು ತಾವೇ ಒಪ್ಪಿಕೊಂಡದ್ದು ನೆನಪಿರಬಹುದು. ಅದು ಅಂಚೆ ಆಟವಲ್ಲ, ಮೋಜಿನ ಸಹಾಯಾರ್ಥ ಆಟ. ಆದರೂ ಎಷ್ಟು ಗದ್ದಲವಾಯಿತು! ನಿಮ್ಮ ಚೆಸ್ ವಾಟ್ಸಾಪ್ ಗುಂಪಿಗೆ ನಡೆಯುತ್ತಿರುವ ಆಟದ ಸ್ಕ್ರೀನ್‌ಶಾಟ್ ಹಾಕಿ ‘ಇಲ್ಲಿ ಏನು ಮಾಡಬಹುದು’ ಎಂದು ಕೇಳಿದರೆ ಅದೂ ಇದೇ ಜಾತಿಯ ತಪ್ಪು. ಗುಂಪಿನಲ್ಲಿ ಯಾರಾದರೊಬ್ಬರು ಖಂಡಿತ ಇಂಜಿನ್ ಹಾಕಿ ನೋಡಿಯೇ ಉತ್ತರ ಕೊಡುತ್ತಾರೆ. ಮಗುವಿನ ಆಟಕ್ಕೆ ಕೋಚ್ ಅಥವಾ ಅಪ್ಪ ಹಿಂದೆ ನಿಂತು ಹೇಳಿಕೊಡುವುದೂ ಅಷ್ಟೇ. ಪಾಠ ಆಟ ಮುಗಿದ ಮೇಲೆ.

ಆಟ ನಡೆಯುವಾಗ: ನಿಮ್ಮದೇ ವಿಶ್ಲೇಷಣೆಯ ಕ್ರಮ

ಬೋರ್ಡಿನ ಮೇಲೆ ಕಾಯಿ ಸರಿಸಿ ನೋಡುವ ಸೌಲಭ್ಯ ಇದ್ದರೂ ಹೆಚ್ಚಿನವರಿಗೆ ಅದರಿಂದ ಲಾಭ ಸಿಗುವುದಿಲ್ಲ. ಮನಸ್ಸಿಗೆ ಬಂದ ಮೊದಲ ನಡೆಯನ್ನೇ ಆರು ಬಾರಿ ಸರಿಸಿ, ಪ್ರತಿ ಬಾರಿಯೂ ಎದುರಾಳಿಯಿಂದ ತಮಗೆ ಬೇಕಾದ ಉತ್ತರವನ್ನೇ ಆಡಿಸಿ, ‘ಗೆದ್ದೆ’ ಎಂದುಕೊಂಡು ಕಳಿಸಿಬಿಡುತ್ತಾರೆ. ಕೈ ಓಡಿತೇ ಹೊರತು ತಲೆ ಓಡಲಿಲ್ಲ. ಬರೆಯುವ ಅಭ್ಯಾಸ ಇದಕ್ಕೆ ಮದ್ದು. ಬರೆದದ್ದು ಎದುರಿಗಿರುವಾಗ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಕಷ್ಟ.

1. ಎದುರಾಳಿಯ ನಡೆ ಬಂದ ಕೂಡಲೇ ಉತ್ತರ ಹುಡುಕಬೇಡಿ. ‘ಈ ನಡೆಯಿಂದ ಅವರಿಗೆ ಏನು ಬೇಕಾಗಿದೆ? ನಾನು ಸುಮ್ಮನೆ ಕೂತರೆ ಮುಂದಿನ ಏಟು ಯಾವುದು?’ ಎಂದು ಒಂದು ಸಾಲು ಬರೆಯಿರಿ. ಎರಡೂ ತಾಣಗಳಲ್ಲಿ ಆಟದ ಪಕ್ಕದಲ್ಲೇ ಟಿಪ್ಪಣಿ ಬರೆಯುವ ಜಾಗವಿದೆ. ನೂರು ಪುಟದ ನೋಟ್‌ಬುಕ್ ಇನ್ನೂ ವಾಸಿ, ಅದರಲ್ಲಿ ಇಂಜಿನ್ ಬಟನ್ ಇರುವುದಿಲ್ಲ.

2. ಕಾಯಿ ಮುಟ್ಟುವ ಮೊದಲು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಆಯ್ಕೆಗಳನ್ನು ಬರೆಯಿರಿ. ಅಲೆಕ್ಸಾಂಡರ್ ಕೊಟೊವ್ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ‘ಅಭ್ಯರ್ಥಿ ನಡೆ’ಗಳ ಪದ್ಧತಿ ಇದು. ವಿಶ್ಲೇಷಣೆಯ ಪ್ರತಿ ಕೊಂಬೆಯನ್ನೂ ಒಂದೇ ಸಲ ನೋಡಬೇಕು ಎಂಬ ಅವರ ಕಟ್ಟುನಿಟ್ಟನ್ನು ಅಂಚೆ ಆಟದಲ್ಲಿ ಪಾಲಿಸುವ ಅಗತ್ಯವಿಲ್ಲ. ಸಮಯವಿದೆ, ಮರುದಿನ ಮತ್ತೆ ನೋಡಿ.

3. ಈಗ ಬೋರ್ಡಿನಲ್ಲಿ ಸರಿಸಿ ನೋಡಿ. ಪ್ರತಿ ಆಯ್ಕೆಗೂ ಎದುರಾಳಿಯ ಕಡೆಯಿಂದ ಅತ್ಯಂತ ಕಿರಿಕಿರಿಯ ಉತ್ತರ ಯಾವುದೋ ಅದನ್ನೇ ಹುಡುಕಿ. ಚೆಕ್, ಹೊಡೆತ, ಬೆದರಿಕೆ, ಈ ಅನುಕ್ರಮದಲ್ಲಿ ನೋಡಿದರೆ ತಪ್ಪಿಹೋಗುವುದು ಕಡಿಮೆ.

4. ಸಾಲಿನ ಕೊನೆಗೆ ‘ನನಗೆ ಸ್ವಲ್ಪ ಮೇಲು’, ‘ಗೊತ್ತಾಗುತ್ತಿಲ್ಲ’, ‘ಹೆದರಿಕೆಯಾಗುತ್ತಿದೆ’ ಎಂದು ತೀರ್ಮಾನ ಬರೆಯಿರಿ. ಕೊನೆಯದು ತಮಾಷೆಗೆ ಹೇಳಿದ್ದಲ್ಲ, ಎಲ್ಲಕ್ಕಿಂತ ಹೆಚ್ಚು ಕಲಿಸುವ ಟಿಪ್ಪಣಿ ಅದೇ.

5. ಮುಖ್ಯ ನಡೆಯಾದರೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬೋರ್ಡನ್ನು ತಿರುಗಿಸಿ, ಎದುರಾಳಿಯ ಕಡೆಯಿಂದ ಅದೇ ಸ್ಥಾನ ನೋಡಿ.

6. ಕಳಿಸುವ ಮುನ್ನ ಸರಿಯಾದ ಆಟವೇ ತೆರೆದಿದೆಯೇ, ವಿಶ್ಲೇಷಣೆಯ ಬೋರ್ಡನ್ನೇ ನಿಜವಾದ ಸ್ಥಾನ ಎಂದುಕೊಂಡಿಲ್ಲವೇ ಎಂದು ಖಚಿತಪಡಿಸಿಕೊಳ್ಳಿ. ಹತ್ತು ಆಟ ಒಟ್ಟಿಗೆ ಆಡುವವರು ಕೈತಪ್ಪಿ ಕಳೆದುಕೊಳ್ಳುವ ಅಂಕ ಕಡಿಮೆಯೇನಲ್ಲ. ಶುರುವಿಗೆ ನಾಲ್ಕು ಆಟ ಸಾಕು.

ಒಂದು ಪುಟ ಹತ್ತಿರದಿಂದ

ಟಿಪ್ಪಣಿ ಹೇಗಿರಬೇಕು ಎಂದು ತೋರಿಸಲು ಪುಸ್ತಕಗಳಲ್ಲಿ ಸವೆದುಹೋದ ಸ್ಥಾನವೊಂದನ್ನೇ ತೆಗೆದುಕೊಳ್ಳೋಣ. ಇಟಾಲಿಯನ್ ಆಟದ ಎರಡು ಕುದುರೆ ರಕ್ಷಣೆ: 1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಬಿಷಪ್ ಸಿ4, ಕುದುರೆ ಎಫ್6 4. ಕುದುರೆ ಜಿ5, ಡಿ5 5. ಇ ಕಾಲಾಳು ಡಿ5 ಹೊಡೆಯುತ್ತದೆ, ಕಪ್ಪಿನ ಕುದುರೆ ಡಿ5 ಹೊಡೆಯುತ್ತದೆ. 6. ಬಿಳಿಯ ಕುದುರೆ ಎಫ್7ಕ್ಕೆ ನುಗ್ಗಿ ಬಲಿಯಾಗುತ್ತದೆ, ರಾಜ ಹೊಡೆಯುತ್ತಾನೆ. 7. ರಾಣಿ ಎಫ್3 ಚೆಕ್, ರಾಜ ಇ6. 8. ಕುದುರೆ ಸಿ3. ‘ಫ್ರೈಡ್ ಲಿವರ್’ ಎಂದು ಹೆಸರಾದ ದಾಳಿ ಇದು. ನೀವು ಕಪ್ಪು. ಒಂದು ಕಾಲಾಳಿಗೆ ಒಂದು ಕುದುರೆ ಗಳಿಸಿದ್ದೀರಿ, ಆದರೆ ನಿಮ್ಮ ರಾಜ ಎಂಟನೇ ನಡೆಗೇ ಬೋರ್ಡಿನ ನಡುವೆ ಬಂದು ನಿಂತಿದ್ದಾನೆ. ನೋಟ್‌ಬುಕ್‌ನಲ್ಲಿ ಹೀಗೆ ಬರೆಯಬಹುದು:

‘ಗುರಿ ಡಿ5 ಕುದುರೆ. ಸಿ4 ಬಿಷಪ್‌ನಿಂದಾಗಿ ಅದು ಅಲುಗಾಡುವಂತಿಲ್ಲ, ಹಿಂದೆ ರಾಜ. ಹೊಡೆಯಲು ಮೂವರು: ಬಿಷಪ್, ಸಿ3 ಕುದುರೆ, ರಾಣಿ. ಕಾಯಲು ಇಬ್ಬರೇ: ನನ್ನ ರಾಜ, ಡಿ8 ರಾಣಿ. ಮೂರನೇ ಕಾವಲು ಬೇಕೇ ಬೇಕು. ಆಯ್ಕೆ ಒಂದು: ಸಿ6 ಕುದುರೆ ಬಿ4ಕ್ಕೆ. ಸಿ2 ಮೇಲೂ ಕಣ್ಣು. ಆಯ್ಕೆ ಎರಡು: ಅದೇ ಕುದುರೆ ಇ7ಕ್ಕೆ. ಗಟ್ಟಿ, ಆದರೆ ಎಫ್8 ಬಿಷಪ್ ದಾರಿ ಮುಚ್ಚುತ್ತದೆ. ಒಂದಕ್ಕೆ ಬಿಳಿ ಕ್ಯಾಸಲ್ ಮಾಡಿದರೆ? ಸಿ2 ಹೊಡೆಯುವ ಆಸೆ, ಆದರೆ ಚೆಕ್ ಇಲ್ಲ, ಬಿ4 ಕಾವಲೂ ಹೋಯಿತು, ಡಿ5 ಬೀಳುತ್ತದೆ. ಹೊಡೆಯದೆ ಸಿ6 ಕಾಲಾಳು ಇಟ್ಟು ಭದ್ರ ಮಾಡುವುದು. ಬಿಳಿ ಡಿ4 ತಳ್ಳಿ ನಡು ತೆರೆದರೆ? ಹೆದರಿಕೆಯಾಗುತ್ತಿದೆ. ತೀರ್ಮಾನ: ಬಿ4.’

ನೂರು ಪದವೂ ಇಲ್ಲ. ಆದರೆ ಎಣಿಕೆ ಇದೆ, ಎರಡು ಆಯ್ಕೆ ಇವೆ, ಒಂದು ಆಸೆಯನ್ನು ತಡೆದ ಕಾರಣವಿದೆ, ಭಯವಿದೆ. ಇಷ್ಟಿದ್ದರೆ ಇಂಜಿನ್‌ಗೆ ಮುಂದೆ ಮಾಡಲು ಕೆಲಸ ಇರುತ್ತದೆ.

ಇದೇ ಸ್ಥಾನ ಎಕ್ಸ್‌ಪ್ಲೋರರ್ ಹೇಗೆ ಓದಬೇಕೆಂಬುದಕ್ಕೂ ಪಾಠ. ಲಿಚೆಸ್‌ನ ಎಕ್ಸ್‌ಪ್ಲೋರರಿನಲ್ಲಿ ಮಾಸ್ಟರ್‌ಗಳ ಆಟಗಳು ಒಂದು ಕಡೆ, ತಾಣದ ಸಾಮಾನ್ಯ ಆಟಗಾರರ ಆಟಗಳು ಇನ್ನೊಂದು ಕಡೆ ಇರುತ್ತವೆ. ಐದನೇ ನಡೆಯಲ್ಲಿ ಸಾಮಾನ್ಯ ಆಟಗಾರರು ಕುದುರೆಯಿಂದ ಡಿ5 ಹೊಡೆಯುವುದು ತೀರಾ ಸಾಮಾನ್ಯ. ಮಾಸ್ಟರ್‌ಗಳು ಬಹುಪಾಲು ಇನ್ನೊಂದು ಕುದುರೆಯನ್ನು ಎ5ಕ್ಕೆ ಇಟ್ಟು ಬಿಷಪ್ ಮೇಲೆ ಬೀಳುತ್ತಾರೆ, ಕಾಲಾಳು ಹೋದರೂ ಚಿಂತೆಯಿಲ್ಲ. ಬರೀ ಶೇಕಡಾವಾರು ಗೆಲುವು ನೋಡಿ ನಡೆ ಆರಿಸುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಎಷ್ಟು ಜನ ಆಡಿದರು ಎನ್ನುವುದಕ್ಕಿಂತ ಯಾರು ಆಡಿದರು, ಅವರಲ್ಲಿ ಒಂದೆರಡು ಆಟ ಕೊನೆವರೆಗೆ ಹೇಗೆ ಹೋಯಿತು ಎಂಬುದನ್ನು ತೆರೆದು ನೋಡಿ. ಎರಡು ಆಟ ಪೂರ್ತಿ ನೋಡಿದರೆ ಸಾಕು, ಹತ್ತು ಅಂಕಿಗಳಿಗಿಂತ ಹೆಚ್ಚು ತಿಳಿಯುತ್ತದೆ.

ಕಾಲು ಜಾರುವ ಜಾಗಗಳು

ಬೇಕೆಂದೇ ಮೋಸ ಮಾಡುವವರಿಗೆ ಈ ಭಾಗ ಬೇಡ. ಗೊತ್ತಿಲ್ಲದೆ ಬೇಲಿ ದಾಟುವವರಿಗೆ ಬೇಕು.

ಮೊದಲನೆಯದು ಅವಳಿ ಆಟಗಳು. ಒಂದೇ ಓಪನಿಂಗ್‌ನ ಎರಡು ಆಟ ಒಟ್ಟಿಗೆ ನಡೆಯುತ್ತಿವೆ, ಹನ್ನೆರಡನೇ ನಡೆವರೆಗೂ ತದ್ರೂಪು. ಒಂದು ಆಟ ಮುಗಿಯಿತು. ಮುಗಿದ ಆಟವಲ್ಲವೇ ಎಂದು ಇಂಜಿನ್ ಹಾಕಿ ನೋಡುತ್ತೀರಿ. ಆದರೆ ಇನ್ನೊಂದು ಆಟದಲ್ಲಿ ಅದೇ ಸ್ಥಾನ ಇನ್ನೂ ಜೀವಂತ! ಎದುರಾಳಿ ಬೇರೆಯಾದರೂ ಉತ್ತರ ಒಂದೇ. ಎರಡೂ ಮುಗಿಯುವವರೆಗೆ ಆ ವಿಶ್ಲೇಷಣೆ ಮುಂದೂಡಿ. ಅದಕ್ಕಿಂತ ಸುಲಭವಾದದ್ದು, ಏಕಕಾಲದ ಆಟಗಳಲ್ಲಿ ಬೇರೆ ಬೇರೆ ಓಪನಿಂಗ್ ಆಡುವುದು.

ಎರಡನೆಯದು, ಸ್ಥಾನವನ್ನು ಬೇರೆ ಆ್ಯಪ್‌ಗೆ ನಕಲು ಮಾಡುವುದು. ಆಟ ನಡೆಯುತ್ತಿರುವಾಗ ತಾಣದೊಳಗಿನ ವಿಶ್ಲೇಷಣೆ ಬೋರ್ಡಿನಲ್ಲಿ ಇಂಜಿನ್ ಸಿಗದು. ಹೊರಗಿನ ಆ್ಯಪ್‌ನಲ್ಲಿ ತೆರೆದೊಡನೆ ತಾನಾಗಿ ಓಡಬಹುದು. ‘ಬರೀ ಬೋರ್ಡ್ ನೋಡಲು ತೆರೆದೆ’ ಎನ್ನುವಷ್ಟರಲ್ಲಿ ಬಾಣದ ಗುರುತು ಕಣ್ಣಿಗೆ ಬಿದ್ದಿರುತ್ತದೆ, ಒಮ್ಮೆ ಕಂಡದ್ದನ್ನು ಮರೆಯಲಾಗದು. ಕೆಲವು ಡೇಟಾಬೇಸ್ ತಂತ್ರಾಂಶಗಳು ಆಟಗಳ ಪಟ್ಟಿಯ ಪಕ್ಕದಲ್ಲೇ ಇಂಜಿನ್ ಅಂಕಿ ತೋರಿಸುತ್ತವೆ. ಅದನ್ನು ಮುಚ್ಚಿಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಆ ತಂತ್ರಾಂಶವನ್ನು ಆಟ ನಡೆಯುವಾಗ ತೆರೆಯಬೇಡಿ. ಬೋರ್ಡಿನ ಮೇಲೆ ಸಲಹೆ ತೋರಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಯಾವಾಗಲೋ ಹಾಕಿದ್ದರೆ ಇವತ್ತೇ ತೆಗೆದುಹಾಕಿ.

ಮೂರನೆಯದು ಎಐ ಚಾಟ್‌ಬಾಟ್. ‘ಇಂಜಿನ್ ಅಲ್ಲವಲ್ಲ’ ಎಂಬ ವಾದ ನಿಲ್ಲುವುದಿಲ್ಲ, ಹೊರಗಿನ ನೆರವು ಹೊರಗಿನ ನೆರವೇ. ಇಷ್ಟಕ್ಕೂ ಅವು ಇಲ್ಲದ ಕಾಯಿಯನ್ನು ಸರಿಸಿ, ನಿಯಮಕ್ಕೇ ವಿರುದ್ಧವಾದ ನಡೆ ಸೂಚಿಸುವುದುಂಟು. ತಪ್ಪೂ ಮಾಡಿ ಆಟವನ್ನೂ ಸೋಲುವ ದಾರಿ ಅದು.

ಹಾಗಾದರೆ ಆಟಕ್ಕೆ ಮುಂಚೆಯೇ ಇಂಜಿನ್ ನೆರವಿನಿಂದ ತಯಾರಿಸಿಟ್ಟ ಓಪನಿಂಗ್ ಟಿಪ್ಪಣಿ? ಈ ಕಾಲದ ಓಪನಿಂಗ್ ಪುಸ್ತಕಗಳೇ ಇಂಜಿನ್ ನೆರವಿನಿಂದ ಬರೆದವು, ಹಾಗಾಗಿ ಆಟ ಶುರುವಾಗುವ ಮೊದಲಿನ ತಯಾರಿಗೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಆಟ ಶುರುವಾದ ಮೇಲೆ ಅದೇ ಟಿಪ್ಪಣಿಗೆ ಇಂಜಿನ್‌ನಿಂದ ಒಂದು ಸಾಲು ಸೇರಿಸಿದರೂ ಅದು ತಯಾರಿಯಲ್ಲ.

ಆಟ ಮುಗಿಯಿತು, ಈಗ ಇಂಜಿನ್

ಇಲ್ಲಿಂದ ಇಂಜಿನ್ ಮೇಷ್ಟ್ರು. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ಕಾರಣ ಹೇಳದ ಮೇಷ್ಟ್ರು. ಅಂಕಿಯ ಅರ್ಥ ಮೊದಲು ತಿಳಿದಿರಲಿ. +1 ಎಂದರೆ ಬಿಳಿಗೆ ಒಂದು ಕಾಲಾಳು ಹೆಚ್ಚು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದೇವೆ. ಸ್ಟಾಕ್‌ಫಿಶ್ 2022ರ ಡಿಸೆಂಬರಿನ 15.1 ಆವೃತ್ತಿಯಿಂದ ಈ ಅಳತೆಯನ್ನೇ ಬದಲಿಸಿತು: ಇಂಜಿನ್ ತನ್ನೊಡನೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಇರುವಷ್ಟು ಮೇಲುಗೈಗೆ +1. ನೀವು, ನಿಮ್ಮ ಎದುರಾಳಿ ಇಬ್ಬರೂ ಸ್ಟಾಕ್‌ಫಿಶ್ ಅಲ್ಲ. ಹಾಗಾಗಿ +0.4 ಇದ್ದದ್ದು +0.1 ಆಯಿತೆಂದು ಕೊರಗಬೇಡಿ.

1. ಇಂಜಿನ್ ಹಾಕುವ ಮೊದಲು ನಿಮ್ಮ ಟಿಪ್ಪಣಿ ಓದಿ, ಆಟ ತಿರುಗಿದ್ದು ಎಲ್ಲಿ ಎಂದು ನೀವೇ ಊಹಿಸಿ ಗುರುತು ಹಾಕಿ.

2. ಈಗ ಇಂಜಿನ್ ಹಾಕಿ. ಒಂದೇ ನಡೆ ತೋರಿಸುವ ಬದಲು ಮೂರು ಸಾಲುಗಳನ್ನು ತೋರಿಸುವಂತೆ ಹೊಂದಿಸಿ. ಮೂರೂ ಸಾಲುಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಅಲ್ಲಿ ‘ತಪ್ಪು’ ಎಂಬುದಿಲ್ಲ, ರುಚಿ ಅಷ್ಟೇ. ಒಂದು ಮಾತ್ರ ಎದ್ದು ನಿಂತು ಉಳಿದವು ಕುಸಿದಿದ್ದರೆ ಅಲ್ಲಿ ನಿಲ್ಲಿ.

3. ಲೆಕ್ಕಾಚಾರದ ಆಳ ಹೆಚ್ಚಾಗಲು ಬಿಡಿ. ಮೊದಲ ಎರಡು ಸೆಕೆಂಡಿನ ಅಂಕಿ ನೋಡಿ ಓಡಬೇಡಿ, ಸಿಕ್ಕಾದ ಸ್ಥಾನಗಳಲ್ಲಿ ಅಭಿಪ್ರಾಯ ಬದಲಾಗುತ್ತದೆ.

4. ‘ಇದು ಯಾಕೆ ಒಳ್ಳೆಯ ನಡೆ’ ಎಂದು ಇಂಜಿನ್ ಹೇಳುವುದಿಲ್ಲ. ಪ್ರಶ್ನೆಯನ್ನು ತಿರುಗಿಸಿ: ‘ನಾನು ಇಟ್ಟದ್ದರಲ್ಲಿ ಏನು ಕೊರತೆ?’ ನಿಮ್ಮ ನಡೆಯನ್ನೇ ಇಟ್ಟು, ಅದಕ್ಕೆ ಇಂಜಿನ್ ಕೊಡುವ ಉತ್ತರದ ವಿರುದ್ಧ ನೀವೇ ಆಡಿ ಸೋಲಿ. ಸೋತಾಗ ಕಾರಣ ತಾನಾಗಿ ಕಾಣುತ್ತದೆ.

5. ಒಂದು ಆಟಕ್ಕೆ ಮೂರು ಪಾಠ ಮಾತ್ರ ಬರೆದುಕೊಳ್ಳಿ. ಮೂವತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

ಮೇಲಿನ ಉದಾಹರಣೆಗೆ ಮರಳೋಣ. ಆ ಆಟ ಸೋತಿರಿ ಎಂದುಕೊಳ್ಳಿ. ಸಹಜವಾಗಿ ನೀವು ದೂರುವುದು ಎಂಟನೇ ನಡೆಯನ್ನೋ ಆಮೇಲಿನದನ್ನೋ. ಇಂಜಿನ್ ತೋರಿಸುವುದು ಐದನೇ ನಡೆಯನ್ನು, ಡಿ5 ಹೊಡೆದ ಕುದುರೆಯನ್ನು. ಜೊತೆಗೆ ಆರನೇ ನಡೆಯಲ್ಲಿ ಕುದುರೆ ಬಲಿ ಕೊಡುವ ಬದಲು ಡಿ4 ತಳ್ಳುವ ‘ಲೊಲ್ಲಿ ದಾಳಿ’ ಬಿಳಿಗೆ ಇತ್ತು. ಬಲಿಗಿಂತ ಅದೇ ಬಲವಾದದ್ದು ಎನ್ನುವ ಪುಸ್ತಕಗಳೂ ಇವೆ. ಈಗ ನೋಟ್‌ಬುಕ್ ತಿರುವಿ. ಎಂಟನೇ ನಡೆಗೆ ಅರ್ಧ ಪುಟ ಬರೆದಿದ್ದೀರಿ. ಐದನೇ ನಡೆಗೆ? ‘ಅವನು ಹೊಡೆದ, ನಾನೂ ಹೊಡೆದೆ.’ ಎರಡನೇ ಆಯ್ಕೆಯೇ ಇಲ್ಲ. ನಮ್ಮ ಮಟ್ಟದ ಆಟಗಾರರ ದೊಡ್ಡ ತಪ್ಪುಗಳು ತಲೆ ಕೆಡಿಸಿಕೊಂಡ ನಡೆಯಲ್ಲಿ ಇರುವುದು ಕಡಿಮೆ. ಯೋಚಿಸಬೇಕೆಂದೇ ಅನಿಸದ ನಡೆಯಲ್ಲಿ ಇರುತ್ತವೆ. ಯಾವ ಇಂಜಿನ್ ಕೂಡ ಇದನ್ನು ಹೇಳಲಾರದು, ಖಾಲಿ ಸಾಲು ಇರುವುದು ನಿಮ್ಮ ನೋಟ್‌ಬುಕ್‌ನಲ್ಲಿ. ಆಟದ ನಡುವೆ ಇಂಜಿನ್ ಮುಟ್ಟದವರಿಗೆ ಮಾತ್ರ ಇಂಥ ಪುಟ ಇರುತ್ತದೆ.

ಸಾಮಾನ್ಯ ತಪ್ಪುಗಳು

‘ಆಕ್ಯುರಸಿ’ ಶೇಕಡಾವಾರನ್ನು ಅಂಕಪಟ್ಟಿಯಂತೆ ನೋಡುವುದು ಎಲ್ಲಕ್ಕಿಂತ ದೊಡ್ಡದು. ಹದಿನೈದು ನಡೆಗೆ ಮುಗಿದ, ಅರ್ಧದಷ್ಟು ಪುಸ್ತಕದ ನಡೆಗಳೇ ಇದ್ದ ಆಟದಲ್ಲಿ ಯಾರಿಗಾದರೂ ಹೆಚ್ಚು ಬರುತ್ತದೆ. ಅರವತ್ತು ನಡೆಯ ಹೋರಾಟದಲ್ಲಿ ಬಂದ ಕಡಿಮೆ ಅಂಕಿಗೆ ಅದಕ್ಕಿಂತ ಬೆಲೆ ಜಾಸ್ತಿ.

0.00 ಎಂದರೆ ಸುಲಭ ಡ್ರಾ ಎಂದುಕೊಳ್ಳುವುದು ಇನ್ನೊಂದು. ಹತ್ತು ನಡೆಗಳ ಕಾಲ ಪ್ರತಿ ಸಲವೂ ಒಂದೇ ಒಂದು ಸರಿಯಾದ ನಡೆ ಹುಡುಕಿದರೆ ಮಾತ್ರ ಸಿಗುವ ಡ್ರಾವನ್ನೂ ಇಂಜಿನ್ 0.00 ಎಂದೇ ತೋರಿಸುತ್ತದೆ. ಮನುಷ್ಯರ ಮಟ್ಟಿಗೆ ಅದು ಸೋಲಿನ ಸ್ಥಾನ. ಇದರ ಉಲ್ಟಾ ಕೂಡ ಉಂಟು. ಕಾಲಾಳುಗಳು ಕೊಂಡಿ ಹಾಕಿ ನಿಂತು ಯಾವ ದಾರಿಯೂ ತೆರೆಯದ ಕೋಟೆಯಂಥ ಸ್ಥಾನದಲ್ಲಿ ಇಂಜಿನ್ ದೊಡ್ಡ ಮೇಲುಗೈ ತೋರಿಸುತ್ತಲೇ ಇರಬಹುದು, ಆಟ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಷರತ್ತಿನ ನಡೆಗಳನ್ನು, ಅಂದರೆ ‘ಅವರು ಇದನ್ನಿಟ್ಟರೆ ನಾನು ಇದನ್ನಿಡುತ್ತೇನೆ’ ಎಂದು ಮೊದಲೇ ಹೊಂದಿಸಿಡುವುದನ್ನು, ಬೇರೆ ಉತ್ತರವೇ ಇಲ್ಲದ ಹೊಡೆತ–ಮರುಹೊಡೆತಗಳಿಗೆ ಮಾತ್ರ ಬಳಸಿ. ಹಬ್ಬಕ್ಕೋ ಪರೀಕ್ಷೆಗೋ ಊರಿಗೆ ಹೊರಟರೆ, ತಾಣದಲ್ಲಿ ರಜೆಯ ಸೌಲಭ್ಯ ಇದ್ದಲ್ಲಿ ಅದನ್ನು ಮೊದಲೇ ಹಾಕಿ. ಗೆಲ್ಲುವ ಆಟವನ್ನು ಸಮಯ ಮೀರಿ ಕಳೆದುಕೊಳ್ಳುವಷ್ಟು ಬೇಸರದ್ದು ಬೇರೆ ಇಲ್ಲ.

ಎದುರಾಳಿಯ ಮೇಲೆ ಅನುಮಾನ ಬಂದರೆ

ಆಟದ ಚಾಟ್‌ನಲ್ಲಿ ಆರೋಪ ಮಾಡಬೇಡಿ. ಆಟ ಮುಗಿಸಿ, ತಾಣದ ‘ರಿಪೋರ್ಟ್’ ಬಟನ್ ಬಳಸಿ, ಸುಮ್ಮನಾಗಿ. ಒಂದು ಆಟದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಂಚೆ ಆಟದಲ್ಲಿ ನಿಧಾನವಾಗಿ ಯೋಚಿಸಿದವರು ತಮ್ಮ ಬ್ಲಿಟ್ಜ್ ಮಟ್ಟಕ್ಕಿಂತ ಬಹಳ ಚೆನ್ನಾಗಿ ಆಡುವುದು ಸಹಜ. ತಾಣಗಳು ಹಲವಾರು ಆಟಗಳಲ್ಲಿ ನಡೆಗಳ ಮಾದರಿಯನ್ನು ಒಟ್ಟಾಗಿ ನೋಡುತ್ತವೆ. ಮೋಸ ಖಚಿತವಾದರೆ ನೀವು ಕಳೆದುಕೊಂಡ ರೇಟಿಂಗ್ ಅಂಕವನ್ನು ಹಿಂದಿರುಗಿಸುವ ವ್ಯವಸ್ಥೆಯೂ ಇದೆ. ನಿಮ್ಮ ಖಾತೆಯೇ ತಪ್ಪಾಗಿ ಮುಚ್ಚಿದರೆ ಹೊಸ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಬೇಡಿ, ಅದು ಇದ್ದ ವಾದವನ್ನೂ ಕೆಡಿಸುತ್ತದೆ. ಮೇಲ್ಮನವಿಯ ದಾರಿ ಹಿಡಿಯಿರಿ. ದಿನಾಂಕ ಸಹಿತ ಟಿಪ್ಪಣಿ ಇದ್ದವರ ಮಾತಿಗೆ ತೂಕ ಬರುತ್ತದೆ.

ಇಂಜಿನ್ ಜೊತೆಗೇ ಆಡಬೇಕು ಎಂದರೆ

ಅದಕ್ಕೂ ಮರ್ಯಾದೆಯ ಜಾಗವಿದೆ. ಐಸಿಸಿಎಫ್‌ನ ಸಾಮಾನ್ಯ ಟೂರ್ನಿಗಳಲ್ಲಿ ಇಂಜಿನ್ ಬಳಕೆಗೆ ತಡೆಯಿಲ್ಲ, ಎದುರಾಳಿಗೂ ಅದು ಗೊತ್ತು. ಹತ್ತು ನಡೆಗೆ ಐವತ್ತು ದಿನ ಎಂಬುದು ಅಲ್ಲಿ ಬಹುಕಾಲದ ರೂಢಿ. ಒಂದು ಆಟ ವರ್ಷ ದಾಟುವುದು ವಿಶೇಷವಲ್ಲ. ಇಂಜಿನ್ ತೋರಿಸಿದ್ದನ್ನು ಹಾಗೇ ಇಟ್ಟರೆ ಅಲ್ಲಿ ಗೆಲ್ಲಲಾಗುವುದಿಲ್ಲ, ಎದುರಿಗಿರುವವರೂ ಅದನ್ನೇ ನೋಡುತ್ತಿರುತ್ತಾರೆ. ಮೇಲಿನ ಹಂತದ ಟೂರ್ನಿಗಳಲ್ಲಿ ಬಹುಪಾಲು ಆಟಗಳು ಡ್ರಾ ಆಗುತ್ತವೆ. ಇಂಜಿನ್ ಎಲ್ಲಿ ಕುರುಡಾಗುತ್ತದೆ, ಯಾವ ಸಾಲಿನಲ್ಲಿ ಅದನ್ನು ರಾತ್ರಿಯಿಡೀ ಓಡಲು ಬಿಡಬೇಕು ಎಂದು ಆರಿಸುವ ತಾಳ್ಮೆ ಇದ್ದವರಿಗೆ ಆ ಕ್ರೀಡೆ. ಭಾರತದಿಂದ ಆಡುವವರಿಗೆ ಅಖಿಲ ಭಾರತ ಕರೆಸ್ಪಾಂಡೆನ್ಸ್ ಚೆಸ್ ಫೆಡರೇಷನ್ ಇದೆ. ಸೇರಿದ ಮೇಲೆ ಐಸಿಸಿಎಫ್‌ನ ಹಳೆಯ ಅಂಕಿ ಬರವಣಿಗೆಯನ್ನೂ ಕಲಿತುಕೊಳ್ಳಿ. ಎ ಸಾಲಿಗೆ 1, ಬಿ ಸಾಲಿಗೆ 2 ಎಂದು ಎಣಿಸುತ್ತ ಹೋದರೆ, ಇ2ರ ಕಾಲಾಳು ಇ4ಕ್ಕೆ ಹೋಗುವುದನ್ನು 5254 ಎಂದು ಬರೆಯುತ್ತಾರೆ. ಬಿಳಿಯ ರಾಜ ತನ್ನ ಬದಿಗೆ ಕ್ಯಾಸಲ್ ಮಾಡಿದರೆ 5171.